ಬಲಕ್ಕೆ ಹೊರಳಿದ ಸೈಲೆನ್ಸರ್

ಒಂದೇ ಮನೆಯ ಗಂಡ ಹೆಂಡತಿ ಮೂವತ್ತೆರಡು ವರ್ಷ ಒಂದೇ ಊರಿಗೆ ಬೇರೆ ಬೇರೆಯಾಗಿ ಹೋಗಿಬಂದರು ಎಂದರೆ, ಕೇಳಿದವರು ಏನೋ ಮನಸ್ತಾಪವಿರಬೇಕು ಎಂದುಕೊಳ್ಳುತ್ತಾರೆ. ಕಲಬುರಗಿಯ ಬ್ರಹ್ಮಪುರದ ಸೂರ್ಯಕಾಂತರಿಗೂ ಅವರ ಹೆಂಡತಿ ಪುತಳಾಬಾಯಿಯವರಿಗೂ ಅಂಥ ಮನಸ್ತಾಪವೇನೂ ಇರಲಿಲ್ಲ. ಪುತಳಾಬಾಯಿಯವರ ತವರು ಕಮಲಾಪುರ. ಅವರು ಕಲಬುರಗಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಸೂರ್ಯಕಾಂತರು ತಮ್ಮ ಮೋಟರ್ ಸೈಕಲ್ಲಿನ ಮೇಲೆ ಅದೇ ಬಸ್ಸಿನ ಬೆನ್ನು ಹಿಡಿದು ಹೋಗುತ್ತಿದ್ದರು. ಬಸ್ಸು ನಿಂತಲ್ಲೆಲ್ಲ ಇವರ ಗಾಡಿಯೂ ನಿಲ್ಲುತ್ತಿತ್ತು. ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಹೊರಗೆ ಬಂದು ನೀರಿನ ಬಾಟಲಿ ಕೊಡುತ್ತಿತ್ತು. ಕುಡಿದು ಮುಗಿದ ಮೇಲೆ ಅದೇ ಕೈ ಬಾಟಲಿಯನ್ನು ಒಳಗೆ ತೆಗೆದುಕೊಳ್ಳುತ್ತಿತ್ತು.

"ಅಕ್ಕಾರ, ನಿಮ್ ಬಾಡಿಗಾರ್ಡ್ ಹಿಂದ ಉಳದಾರ. ಡ್ರೈವರಗ ಜರಾ ಸಾವಕಾಶ ಹೊಡಿ ಅನ್ಲೇನು?" ಎಂದು ಕಂಡಕ್ಟರರು ನಗುತ್ತಿದ್ದರು.

ತಿರುಗಿ ಬರುವಾಗ ಸೂರ್ಯಕಾಂತರ ಹಿಂದಿನ ಸೀಟು ಖಾಲಿ ಇರುತ್ತಿರಲಿಲ್ಲ. ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದು ಹಗ್ಗ ಬಿಗಿಸಿಕೊಂಡು ಅಲ್ಲಿ ಕೂತಿರುತ್ತಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಪುತಳಾಬಾಯಿ ಅನ್ನುತ್ತಿದ್ದರು: "ಅಕಿಗೇನ್ರಿ, ಕಾಲಿಲ್ಲ, ಸೀರಿ ಇಲ್ಲ. ಆರಾಮ ಕೂತಾಳ."

ಕಾಲು ಮತ್ತು ಸೀರೆಯ ಕತೆ ಇಷ್ಟು. ಗಾಡಿ ಎಂಬತ್ತೇಳನೆಯ ಇಸವಿಯದು. ಅದಕ್ಕೆ ಎಂಜಿನ್ನಿನ ಎರಡೂ ಮಗ್ಗುಲಿಗೆ ಒಂದೊಂದರಂತೆ ಎರಡು ಸೈಲೆನ್ಸರ್. ತೊಂಬತ್ತಮೂರರ ಬೇಸಿಗೆಯಲ್ಲಿ, ಎಂಟು ತಿಂಗಳ ಮಗಳು ಗೌತಮಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೊಸ ನೈಲಾನ್ ಸೀರೆಯುಟ್ಟು ಪುತಳಾಬಾಯಿ ಗಂಡನ ಹಿಂದೆ ಕೂತು ತವರಿಗೆ ಹೋದರು. ಅಂಗಳದಲ್ಲಿ ತವರಿನವರೆಲ್ಲ ನೋಡುತ್ತ ನಿಂತಿದ್ದಾಗ ಇಳಿಯಹೋಗಿ, ಎಡಗಡೆಯ ಸೈಲೆನ್ಸರಿಗೆ ಹಿಮ್ಮಡಿ ತಾಗಿಸಿಕೊಂಡರು. ಸೀರೆಯ ಅಂಚು ಕರಗಿ ಕಬ್ಬಿಣಕ್ಕೆ ಅಂಟಿತು. ಕೂಸನ್ನು ತಂಗಿ ಸುಜಾತಾಳ ಕೈಗೆ ಕೊಟ್ಟು, ಒಂಟಿ ಕಾಲಿನ ಮೇಲೆ ನಿಂತು ಅವರು ಅಂದ ಮಾತು ತವರಿನಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

"ಊರ ಮಂದಿಗೆಲ್ಲ ಗುಳಿಗಿ ಕೊಡ್ತೀರಿ. ನಿಮ್ಮ ಗಾಡಿನೇ ಒಂದು ರೋಗ ಅದ. ಈ ಕಡಿ ಸೈಲೆನ್ಸರ್ ಇರೂತನಕ ನಾ ಇದರ ಮ್ಯಾಲ ಕೂಡಂಗಿಲ್ಲ."

ಕೂಡಲಿಲ್ಲ. ಕರಗಿದ ಸೀರೆಯನ್ನು ಎಸೆಯಲೂ ಇಲ್ಲ. ಸಾಕ್ಷಿಗೆಂಬಂತೆ ಟ್ರಂಕಿನ ತಳದಲ್ಲಿ ಇಟ್ಟರು.

ಗುಳಿಗೆಯ ಮಾತು ಸುಳ್ಳಲ್ಲ. ಗಂಜಿನ ಕಾಳಿನ ಪೇಟೆಯಲ್ಲಿ ಚೀಲ ಹೊರುತ್ತಿದ್ದ ತಂದೆಯ ಮಗ ಸೂರ್ಯಕಾಂತರು. ಹತ್ತಿರದ ಕೋಟನೂರಿನಿಂದ ಕಲಬುರಗಿಗೆ ನಡೆದು ಬಂದು ಓದಿ, ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸಕ್ಕೆ ಸೇರಿದರು. ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ತುಣುಕಿನ ಮೇಲೆ ರಕ್ತದ ಹನಿ ತೆಗೆಯುವುದು, ನೀರು ತುಂಬಿಡುವ ಹೌದಿಗೆ ಟಾರ್ಚು ಬಿಟ್ಟು ಸೊಳ್ಳೆಯ ಮರಿ ಹುಡುಕುವುದು ಅವರ ಕೆಲಸ. ಗಾಡಿಯ ಸದ್ದು ಕೇಳಿದರೆ ಹುಡುಗರು "ಸೂಜಿ ಮಾಮಾ ಬಂದ" ಎಂದು ಕಿರುಚಿ ಜೋಳದ ಹೊಲಕ್ಕೆ ಓಡುತ್ತಿದ್ದರು. ಅವರು ಬೆನ್ನಟ್ಟುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದರು. ಕಡಲೆಯ ಆಸೆಗೆ ಹುಡುಗರೇ ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ನಿವೃತ್ತರಾದಾಗ ಊರವರು ಹೊದಿಸಿದ ಶಾಲನ್ನು ಮಡಚಿ ಇಟ್ಟರು. ಗಾಡಿಯನ್ನು ಮಾತ್ರ ದಿನಾಲೂ ಒರೆಸುತ್ತಿದ್ದರು.

ಈ ಸಲ ಬುದ್ಧ ಪೂರ್ಣಿಮೆಗೆ ಒಂದು ತಿಂಗಳಿರುವಾಗ ಆ ಗಾಡಿಯ ಎರಡೂ ಸೈಲೆನ್ಸರು ಕೈಬಿಟ್ಟವು. ತುಕ್ಕು ಒಳಗಿನಿಂದ ತಿಂದು ಹಾಕಿತ್ತು. ಅಂಥ ಸೈಲೆನ್ಸರು ಈಗ ಎಲ್ಲಿಯೂ ಸಿಗುವುದಿಲ್ಲ, ಹೊಸದಾಗಿ ಮಾಡಿಸಬೇಕು ಎಂದು ಮೆಕ್ಯಾನಿಕರು ಹೇಳಿದರು. ಅದೇ ದಿನ ಸುಜಾತಾಳ ಫೋನು ಬಂತು.

"ಮಾಮಾ, ಬುದ್ಧ ಪೂರ್ಣಿಮಾ ದಿನ ನಮ್ಮ ಹೊಸ ಮನಿ ಪ್ರವೇಶ. ಇಬ್ಬರೂ ಬರ್ರಿ. ಒಬ್ಬರು ಮುಂದ, ಒಬ್ಬರು ಹಿಂದ ಅಲ್ಲ. ಕೂಡಿ ಬರ್ರಿ. ಹೊಸ ಮನಿ ಹೊಸ್ತಿಲಾ ಜೋಡಿಲೆ ದಾಟಬೇಕು ನೀವು, ಹೇಳಾಕತ್ತೀನಿ."

ಸೂರ್ಯಕಾಂತರು ಫೋನು ಕೆಳಗಿಟ್ಟು ಬಹಳ ಹೊತ್ತು ಗಾಡಿಯನ್ನು ನೋಡಿದರು. ಸೈಲೆನ್ಸರನ್ನು ಹೇಗೂ ಹೊಸದಾಗಿ ಮಾಡಿಸಬೇಕು. ಎರಡು ಕೊಳವೆಯನ್ನು ಕೂಡಿಸಿ, ಒಂದೇ ಸೈಲೆನ್ಸರ್ ಮಾಡಿ, ಅದನ್ನು ಬಲಗಡೆಗೆ ಹಾಕಿಸಿದರೆ? ಎಡಗಡೆ ಬೋಳಾಗುತ್ತದೆ. ಪುತಳಾ ಆಡಿದ ಮಾತೂ ಉಳಿಯುತ್ತದೆ, ಪುತಳಾ ಹಿಂದೆ ಕೂತಂತೆಯೂ ಆಗುತ್ತದೆ. ಈ ಪೂರ್ಣಿಮೆಗೆ ಅವಳನ್ನು ಹಿಂದೆ ಕೂರಿಸಿಕೊಂಡೇ ಕಮಲಾಪುರಕ್ಕೆ ಹೋಗಬೇಕು ಎಂದು ಅವರು ನಿಶ್ಚಯಿಸಿದರು. ಅರವತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ಅದಕ್ಕಿಂತ ದೊಡ್ಡ ಆಸೆ ಬೇರೊಂದಿರಲಿಲ್ಲ. ಹೆಂಡತಿಗೆ ಮಾತ್ರ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ತೋರಿಸಿ ಅವರ ಮುಖ ನೋಡಬೇಕೆಂದಿದ್ದರು.

ನೆಹರು ಗಂಜಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಕೆಲಸದ ಶಫಿಯವರ ಅಂಗಡಿ. ಹಿಂದೆ ಅವರು ಕಾಳು ಅಳೆಯುವ ಸೇರು, ಜರಡಿ, ಎಣ್ಣೆಯ ಡಬ್ಬಿ ಮಾಡುತ್ತಿದ್ದರು. ಬೇಳೆಯ ಮಿಲ್ಲುಗಳಿಗೆ ತೊಗರಿ ಬೇಳೆ ಜಾರಿ ಬೀಳುವ ತಗಡಿನ ಕೊಳವೆಗಳನ್ನು ಕೂಡಿಸುತ್ತಿದ್ದರು. ಪ್ಲಾಸ್ಟಿಕ್ ಬಂದ ಮೇಲೆ ಸೇರು ಜರಡಿಗಳಿಗೆ ಗಿರಾಕಿ ಕಡಿಮೆಯಾಗಿ, ಹಳೆಯ ಗಾಡಿಗಳ ಸೈಲೆನ್ಸರು ಕೈಹಿಡಿದಿತ್ತು. ಆದರೂ ಗೋಡೆಯ ತುಂಬ ಜರಡಿಗಳು ತೂಗುತ್ತಿದ್ದವು.

ಸೂರ್ಯಕಾಂತರು ತಮ್ಮ ಆಸೆ ಹೇಳಿದರು. ಶಫಿ ಕನ್ನಡಕ ಹಣೆಗೇರಿಸಿ ಗಾಡಿಯ ಸುತ್ತ ಎರಡು ಸುತ್ತು ಬಂದರು.

"ಮೊದಲ ಹೇಳಿಬಿಡ್ತೀನಿ ಸಾಬ್. ಪಟಾಕಿ ಹೊಡದಂಗ ಆವಾಜ್ ಬೇಕಂದ್ರ ನಂದಲ್ಲ ಆ ಕೆಲಸ. ಅಂಥಾವರನ್ನ ಬಾಗಿಲದಾಗಿಂದನೇ ಕಳಸ್ತೀನಿ."

"ಆವಾಜ್ ಬ್ಯಾಡ ಶಫಿ ಭಾಯಿ. ಹೆಂಡ್ತಿ ಬೇಕು."

"ಯಾ ಅಲ್ಲಾ! ಹಂಗಾದ್ರ ಭಾಭಿಗೆ ಕರ್ಕೊಂಡ್ ಬರ್ರಿ. ಕೂಡಿಸಿ ಅಳತಿ ತಗೋತೀನಿ. ಕಾಲು ಎಲ್ಲಿ ಬರ್ತದ, ಸೀರಿ ಎಲ್ಲಿ ಬೀಳ್ತದ ನೋಡಬೇಕು. ದರ್ಜಿ ಆದ್ರೂ ಅಳತಿ ಇಲ್ದ ಕುಬಸಾ ಹೊಲಿತಾನೇನು?"

"ಅಕಿಗಿ ಹೇಳಿಲ್ಲ. ಒಮ್ಮಿಗೇ ತೋರಿಸಬೇಕಂತ ಮಾಡೀನಿ."

ಶಫಿ ತಲೆಯಲ್ಲಾಡಿಸಿದರು. ಅಳತೆಯಿಲ್ಲದೆ ಕತ್ತರಿ ಹಿಡಿಯುವವರಲ್ಲ ಅವರು. ಮನೆ ಅಂಗಡಿಯ ಹಿಂದೆಯೇ ಇತ್ತು. ಹೆಂಡತಿ ನೂರಜಹಾನರನ್ನು ಕೂಗಿದರು. ಅವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ವಿಷಯ ಕೇಳಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಕೂಡಾಕಿ ಒಬ್ಬಾಕಿ, ಅಳತಿ ಕೊಡಾಕಿ ಒಬ್ಬಾಕಿ. ಹಿಂಗ ಎಲ್ಲಿ ಕೇಳೀರಿ?"

ಶಫಿ ಮುಂದೆ ಕೂತರು. ನೂರಜಹಾನ್ ಹಿಂದೆ, ಎಲ್ಲ ಹೆಂಗಸರೂ ಕೂಡುವಂತೆ ಎಡಕ್ಕೆ ಕಾಲು ಬಿಟ್ಟು ಕೂತು, ಬಲಗೈಯನ್ನು ಗಂಡನ ಭುಜದ ಮೇಲಿಟ್ಟರು. ಸೂರ್ಯಕಾಂತರು ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಅವರ ಪಾದ ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆದರು.

"ಅಕ್ಕಾರೂ ಇದೇ ಕಡೀಗಿ ಕೂಡ್ತಾರಲ್ಲ?" ಎಂದು ನೂರಜಹಾನ್ ಇಳಿಯುತ್ತ ಕೇಳಿದರು.

"ಮತ್ತ ಯಾವ ಕಡೀಗಿ ಕೂಡ್ತಾರ ಭಾಭಿ?" ಎಂದರು ಸೂರ್ಯಕಾಂತರು. ಆ ಮಾತು ಅಲ್ಲಿಗೇ ನಿಂತಿತು.

ಕೆಲಸ ಮೂರು ವಾರ ನಡೆಯಿತು. ಸೂರ್ಯಕಾಂತರು ದಿನಾಲೂ ಹೋಗಿ ಜರಡಿಗಳ ಕೆಳಗಿನ ಸ್ಟೂಲಿನ ಮೇಲೆ ಕೂಡುತ್ತಿದ್ದರು. ಶಫಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಸೈಲೆನ್ಸರಿನ ಆಕಾರವನ್ನು ಮೊದಲು ಕಾಗದದಲ್ಲಿ ಮಾಡಿದರು. ಕಾಗದವನ್ನು ತಗಡಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರು. ಎಡಗಡೆಯ ಕೊಳವೆಯನ್ನು ಎಂಜಿನ್ನಿನ ಕೆಳಗೆ ಹಾಯಿಸಿದರೆ ರಸ್ತೆಯ ಉಬ್ಬು ಬಡಿಯುತ್ತದೆಂದು ಮುಂದುಗಡೆಯಿಂದಲೇ ಬಲಕ್ಕೆ ಹೊರಳಿಸಬೇಕಾಯಿತು. ಬಾಗಿಸುವಾಗ ಕೊಳವೆ ಚಪ್ಪಟೆಯಾಗದಿರಲೆಂದು, ಅದರೊಳಗೆ ಒಣಮರಳು ಗಿಡಿದು, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದು, ಕೆಂಪಗೆ ಕಾಯಿಸಿ ಸಾವಕಾಶವಾಗಿ ಬಾಗಿಸಿದರು.

ಆಮೇಲೆ ಶಫಿ ಮಾಡಿದ್ದನ್ನು ಬೇರೆ ಯಾವ ಸೈಲೆನ್ಸರ್ ಅಂಗಡಿಯಲ್ಲಿಯೂ ಕಾಣಲಾಗದು. ಒಂದು ಸೇರು ತೊಗರಿ ಬೇಳೆ ತಂದು ಕೊಳವೆಯ ಒಂದು ಬಾಯಿಗೆ ಸುರಿದರು. ಇನ್ನೊಂದು ಬಾಯಿಯ ಕೆಳಗೆ ಅದೇ ಸೇರನ್ನು ಹಿಡಿದರು.

"ಹೊಗಿ ಅಂದ್ರ ಬ್ಯಾಳಿ ಇದ್ದಂಗ ಸಾಬ್. ಬ್ಯಾಳಿ ಎಲ್ಲಿ ತಡೀತದ, ಹೊಗಿನೂ ಅಲ್ಲೇ ತಡೀತದ. ಹಾಕಿದ್ದು ಸೇರು, ಬಂದದ್ದು ಸೇರು ಆಗಬೇಕು. ನಮ್ಮಪ್ಪ ಮಿಲ್ಲಿನ ಕೊಳವಿ ಹಿಂಗೇ ನೋಡ್ತಿದ್ದ."

ಮೊದಲ ಸಲ ಅರ್ಧ ಸೇರೂ ಬರಲಿಲ್ಲ. ಬಾಗಿನಲ್ಲಿ ಸುಕ್ಕು ಬಿದ್ದಿತ್ತು. ಬಿಚ್ಚಿ, ಕಾಯಿಸಿ, ತಿರುಗಿ ಬಾಗಿಸಿದರು. ಮೂರನೆಯ ಸಲಕ್ಕೆ ಸೇರು ಪೂರ್ತಿ ತುಂಬಿತು. ಸದ್ದು ತಡೆಯುವ ಜಾಲರಿಯನ್ನೂ ಒಳಗೆ ಕೂಡಿಸಿ ಕೊನೆಯ ಬಾರಿ ಸುರಿದಾಗ ಮಾತ್ರ ಒಂದು ಮುಷ್ಟಿ ಕಡಿಮೆ ಬಿತ್ತು.

"ಏ ನೂರಜಹಾನ್! ಸಾರಿಗೆ ಬ್ಯಾಳಿ ಒಯ್ದೇನು?"

"ಸೈಲೆನ್ಸರಿನ ಬ್ಯಾಳಿ ನನಗ್ಯಾಕ್ರಿ?" ಎಂದು ಒಳಗಿನಿಂದ ಉತ್ತರ ಬಂತು.

ಶಫಿ ನಂಬಲಿಲ್ಲ. ಆದರೆ ಗಾಡಿಗೆ ಕಟ್ಟಿ ಮೊದಲ ಕಿಕ್ ಹೊಡೆದಾಗ, ಗಾಡಿ ಎರಡು ಸಲ ಕೆಮ್ಮಿ, ಹುರಿದ ತೊಗರಿ ಬೇಳೆಯನ್ನು ಗಲ್ಲಿಯ ಉದ್ದಕ್ಕೂ ಉಗುಳಿತು. ಎಲ್ಲಿದ್ದವೋ, ನಾಲ್ಕು ಕೋಳಿಗಳು ಓಡಿಬಂದವು. ಘಮಘಮ ವಾಸನೆ ಎದ್ದಿತು. ನೂರಜಹಾನ್ ಬಾಗಿಲಿನಲ್ಲಿ ನಿಂತು, "ಈಗ ಒಗ್ಗರಣಿ ಒಂದು ಕೊಟ್ಟುಬಿಡ್ರಿ" ಎಂದರು. ಶಫಿ ಕೋಳಿಗಳ ಕಡೆ ನೋಡುತ್ತ ನಿಂತರು, ಹೆಂಡತಿಯ ಕಡೆ ನೋಡಲಿಲ್ಲ. ಬೇಳೆ ಖಾಲಿಯಾದ ಮೇಲೆ ಎಂಜಿನ್ನು ಹಳೆಯ ದಿನಗಳಂತೆ, ಆದರೆ ತುಸು ತಗ್ಗಿದ ದನಿಯಲ್ಲಿ, ತಾಳ ತಪ್ಪದೆ ನಡೆಯತೊಡಗಿತು. ಎಡಗಡೆ ಪೂರಾ ಬೋಳು. ಬಲಗಡೆ ಕನ್ನಡಿಯಂತೆ ಹೊಳೆಯುವ ಒಂದೇ ಸೈಲೆನ್ಸರ್.

ಪೂರ್ಣಿಮೆಗೆ ಇನ್ನು ಮೂರೇ ದಿನ. ಸೂರ್ಯಕಾಂತರು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಹೆಂಡತಿಯನ್ನು ಕರೆದರು.

"ಬಾ ಇಲ್ಲಿ. ನೋಡು, ಈ ಕಡಿ ಏನರ ಕಾಣ್ತದೇನು?"

ಪುತಳಾಬಾಯಿ ಎಡಗಡೆಯನ್ನು ನೋಡಿದರು, ಬಗ್ಗಿ ನೋಡಿದರು. "ಸೈಲೆನ್ಸರ್ ಕಳಕೊಂಡು ಬಂದೀರೇನ್ರಿ?"

"ತಗಸೀನಿ! ನಿನ್ನ ಸಲುವಾಗಿ ತಗಸೀನಿ. ಈ ಕಡಿ ಸೈಲೆನ್ಸರ್ ಇರೂತನಕ ಕೂಡಂಗಿಲ್ಲ ಅಂದಿದ್ದಿ. ಈಗ ಇಲ್ಲ. ಪೂರ್ಣಿಮಾಕ್ಕ ಇದರ ಮ್ಯಾಲೇ ಹೋಗೂಣು."

ಪುತಳಾಬಾಯಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಮೂವತ್ತೆರಡು ವರ್ಷದ ಹಿಂದಿನ ಮಾತನ್ನು ಹೀಗೆ ಕಟ್ಟಿಟ್ಟುಕೊಂಡಿದ್ದಾರೆ ಎಂದು ಅವರಿಗೂ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಗಾಡಿಯ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು ಹತ್ತಲು ಹೋದರು. ಅಲ್ಲಿ ಹೊಸ ಸೈಲೆನ್ಸರು ಫಳಫಳ ಹೊಳೆಯುತ್ತಿತ್ತು. ಅವರು ಕಾಲು ಹಿಂದಕ್ಕೆ ತೆಗೆದರು.

"ಆ ಕಡಿ ಅಲ್ಲ! ಈ ಕಡಿ, ಈ ಕಡಿ!"

"ಎಡಕ್ಕ ಕೂತು ಏನು ಹಿಡಕೊಳ್ಳಲಿ? ನನ್ನ ಬಲಗೈ ಮ್ಯಾಲ ಏಳತದೇನು?"

ಸೂರ್ಯಕಾಂತರಿಗೆ ಆಗ ಹೊಳೆಯಿತು. ಎಡಕ್ಕೆ ಕಾಲು ಬಿಟ್ಟು ಕೂತರೆ ಮುಂದಿನವರ ಭುಜ ಹಿಡಿಯುವುದು ಬಲಗೈ. ಪುತಳಾಬಾಯಿಯವರ ಬಲಭುಜ ಬಿಗಿದುಕೊಂಡು, ಕೈ ಮೇಲೇಳದೆ ಎರಡು ವರ್ಷವಾಗಿತ್ತು. ದಿನಾ ಸಂಜೆ ಅದಕ್ಕೆ ಎಣ್ಣೆ ತಿಕ್ಕುವವರು ಇವರೇ. ಮಗಳು ಗೌತಮಿ ಪ್ರತಿ ರವಿವಾರ ತಾಯಿಯನ್ನು ಸ್ಕೂಟಿಯ ಮೇಲೆ ಸಂತೆಗೆ ಕರೆದೊಯ್ಯುವಾಗ, ತಾಯಿ ಬಲಕ್ಕೆ ಕಾಲು ಬಿಟ್ಟು ಕೂತು ಎಡಗೈಯಿಂದ ಮಗಳ ಭುಜ ಹಿಡಿಯುವುದನ್ನು ಕಟ್ಟೆಯ ಮೇಲೆ ಕೂತು ಕಂಡವರೂ ಇವರೇ. ಹೌದಿನ ತಳದ ಸೊಳ್ಳೆಯ ಮರಿಯನ್ನು ಹುಡುಕುತ್ತಿದ್ದ ಕಣ್ಣಿಗೆ ಹೆಂಡತಿ ಯಾವ ಕಡೆಗೆ ಕೂಡುತ್ತಾರೆಂಬುದು ಕಂಡೂ ಕಂಡಿರಲಿಲ್ಲ.

ಪುತಳಾಬಾಯಿಗೆ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಒಂದು ಮಾತು ಕೇಳಿದ್ರ ನಾಲಿಗಿ ಸವೀತಿತ್ತೇನ್ರಿ? ಇರ್ಲಿ ಬಿಡ್ರಿ, ಹೆಂಗೂ ಹೆಣ್ಮಕ್ಕಳಿಗಿ ಬಸ್ಸು ಫುಕಟ್ ಅದ. ನೀವು ಹಿಂದಿಂದ ಬರ್ರಿ."

ಸೂರ್ಯಕಾಂತರು ನಗಲಿಲ್ಲ. ಆ ಸಂಜೆ ಎಣ್ಣೆ ತಿಕ್ಕುವಾಗಲೂ ಮಾತಾಡಲಿಲ್ಲ. ತಿಕ್ಕಿಸಿಕೊಳ್ಳುತ್ತಿದ್ದವರು ಇದನ್ನು ಗಮನಿಸಿದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಪುತಳಾಬಾಯಿ ಚಪ್ಪಲಿ ಮೆಟ್ಟಿ, ಕೈಯಲ್ಲಿ ಒಂದು ಚೀಲ ಹಿಡಿದು ನಿಂತಿದ್ದರು. "ನಡೀರಿ, ಆ ಅಂಗಡಿಗಿ. ನೀವು ಗಾಡಿ ತರ್ರಿ, ನಾ ಆಟೋದಾಗ ಬರ್ತೀನಿ. ಅಳತಿ ನಾನೇ ಕೊಡ್ತೀನಿ."

ಶಫಿ ಎಲ್ಲವನ್ನೂ ಕೇಳಿ ಹಣೆ ಬಡಿದುಕೊಂಡರು. "ಮೊದಲ ದಿನನೇ ಹೇಳಿದ್ದೆ ಸಾಬ್, ಭಾಭಿಗೆ ಕರ್ಕೊಂಡ್ ಬರ್ರಿ ಅಂತ! ಈಗ ಮತ್ತ ಎಡಕ್ಕ ಹೊರಳಸಬೇಕಂದ್ರ ಮೂರು ವಾರ ಬೇಕು."

"ಹೊರಳಸೂದು ಬ್ಯಾಡ" ಎಂದರು ಪುತಳಾಬಾಯಿ. ಅವರ ಕಣ್ಣು ಗೋಡೆಯ ಮೇಲಿತ್ತು. ಎಡಗೈಯಿಂದ ಒಂದು ಜರಡಿ ಇಳಿಸಿ ಬೆಳಕಿಗೆ ಹಿಡಿದು ನೋಡಿದರು. "ಇದರ ತಗಡು ಉದ್ದಕ ಬಾಗಿಸಿ ಸೈಲೆನ್ಸರ್ ಮ್ಯಾಲ ಹೊಚ್ಚಿದ್ರ? ಮುಟ್ಟಲಾರದಂಗ, ನಡುವ ಒಂದು ಬೆರಳು ಜಾಗಾ ಬಿಟ್ಟು? ತೂತಿನ್ಯಾಗಿಂದ ಗಾಳಿ ಆಡ್ತದ. ಬಿಸಿ ಒಳಗ ಉಳಿತದ, ನನ್ನ ಕಾಲು ಹೊರಗ ಉಳಿತದ."

ಶಫಿ ಜರಡಿಯನ್ನು ನೋಡಿದರು, ಸೈಲೆನ್ಸರನ್ನು ನೋಡಿದರು, ಆಮೇಲೆ ಸೂರ್ಯಕಾಂತರನ್ನು ನೋಡಿದರು. "ಸಾಬ್, ಮೂರು ವಾರ ನೀವು ಇದೇ ಜರಡಿ ಕೆಳಗ ಕೂತಿದ್ರಿ."

"ನೀವು ಮೂವತ್ತು ವರ್ಷದಿಂದ ಕೂತೀರಿ" ಎಂದರು ನೂರಜಹಾನ್, ಪುತಳಾಬಾಯಿಗೆ ಚಹಾ ಕೊಡುತ್ತ. "ಅಕ್ಕಾ, ಇವರಿಬ್ಬರನ್ನೂ ಕೂಡಿಸಿ ಜರಡಿ ಹಿಡದ್ರೂ ಒಂದು ಕಾಳು ಬುದ್ಧಿ ಬೀಳಂಗಿಲ್ಲ."

ಈ ಸಲ ಸೂರ್ಯಕಾಂತರೇ ಮುಂದೆ ಕೂತರು. ಪುತಳಾಬಾಯಿ ಬಲಗಡೆಯಿಂದ ಹತ್ತಿ, ಎಡಗೈಯನ್ನು ಅವರ ಭುಜದ ಮೇಲಿಟ್ಟರು. ಗಾಡಿ ತಣ್ಣಗಿತ್ತು, ಗಲ್ಲಿಯಲ್ಲಿ ನಿಂತೇ ಇತ್ತು. ಆದರೂ ಸೂರ್ಯಕಾಂತರು ಎರಡೂ ಕೈಯಿಂದ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದರು. ಶಫಿ ಪಾದ ಬಂದಲ್ಲಿ ಗೆರೆ ಎಳೆದರು, ಸೀರೆಯ ಅಂಚು ಬಂದಲ್ಲಿ ಇನ್ನೊಂದು ಗೆರೆ ಎಳೆದರು. ಎರಡು ದಿನ ಉಳಿಯಿಂದ ತೂತು ಹೊಡೆದು, ಜರಡಿಯಂಥ ಹೊದಿಕೆಯೊಂದನ್ನು ಮಾಡಿ ಸೈಲೆನ್ಸರಿನ ಮೇಲೆ ಕೂಡಿಸಿದರು.

ಪೂರ್ಣಿಮೆಯ ಹಿಂದಿನ ದಿನ ಪರೀಕ್ಷೆ. ಪುತಳಾಬಾಯಿ ಚೀಲದಿಂದ ತೆಗೆದದ್ದನ್ನು ನೋಡಿ ಸೂರ್ಯಕಾಂತರು ಒಂದು ಹೆಜ್ಜೆ ಹಿಂದೆ ಸರಿದರು. ತೊಂಬತ್ತಮೂರರ ನೈಲಾನ್ ಸೀರೆ, ಕರಗಿ ಸುರುಟಿದ ಅಂಚಿನ ಸಮೇತ.

"ಗಾಡಿ ಚಾಲೂ ಮಾಡ್ರಿ. ನಾ ಚಹಾ ಕುಡೂತನಕ ಬಂದ್ ಮಾಡಬ್ಯಾಡ್ರಿ."

ಅವರು ಎಂದೂ ಅಷ್ಟು ಸಾವಕಾಶವಾಗಿ ಚಹಾ ಕುಡಿದವರಲ್ಲ. ಬಸಿಯಲ್ಲಿ ಸುರಿದು, ಊದಿ, ನೂರಜಹಾನರ ಮನೆಯ ಸುದ್ದಿಯನ್ನೆಲ್ಲ ಕೇಳಿ ಮುಗಿಸಿ, ಆಮೇಲೆ ಎದ್ದು ಸೀರೆಯ ಅಂಚನ್ನು ಹೊದಿಕೆಯ ಮೇಲೆ ಹಾಸಿದರು. ಎಂಜಿನ್ನು ನಡೆದೇ ಇತ್ತು. ಅಂಚನ್ನು ಎತ್ತಿ ನೋಡಿದರು. ಹಳೆಯ ಕಲೆಯ ಮಗ್ಗುಲಿಗೆ ಹೊಸ ಕಲೆಯೇನೂ ಬಿದ್ದಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡಿದಷ್ಟು ಬೆಚ್ಚಗಾಗಿತ್ತು, ಅಷ್ಟೆ.

"ಹ್ಞೂಂ" ಎಂದರು ಪುತಳಾಬಾಯಿ. "ಮುಂಜಾನಿ ಬಿಸಲು ಏರೂದರಾಗ ಹೋಗೂಣು."

ಮರುದಿನ ಇಬ್ಬರೂ ಪೂರ್ಣಿಮೆಯ ಬಿಳಿಯ ಬಟ್ಟೆ ತೊಟ್ಟು ಹೊರಟರು. ಊರು ದಾಟಿದ ಮೇಲೆ ಕಮಲಾಪುರದ ಬಸ್ಸು ಅವರ ಮುಂದೆಯೇ ಸಿಕ್ಕಿತು. ಸೂರ್ಯಕಾಂತರು ರೂಢಿಯಂತೆ ಅದರ ಬೆನ್ನು ಹಿಡಿದರು. ಅದು ನಿಂತಲ್ಲಿ ತಾವೂ ನಿಂತರು. ಎರಡನೆಯ ಸಲ ನಿಂತಾಗ ಭುಜದ ಮೇಲೆ ಒಂದು ಪೆಟ್ಟು ಬಿತ್ತು.

"ಯಾಕ ನಿಂತ್ರಿ? ಬಸ್ಸಿನ್ಯಾಗ ಯಾರದಾರ ನಿಮ್ಮವರು? ಮುಂದ ಹಾಕ್ರಿ!"

ಮುಂದೆ ಹಾಕಿದರು. ಕಂಡಕ್ಟರರು ಬಾಗಿಲಿನಿಂದ ಬಗ್ಗಿ ನೋಡಿ, ಗುರುತು ಹಿಡಿದು, ಕೇಕೆ ಹಾಕಿದರು. ಪುತಳಾಬಾಯಿ ನೀರಿನ ಬಾಟಲಿ ಎತ್ತಿ ತೋರಿಸಿದರು.

ಕಮಲಾಪುರದಲ್ಲಿ ಸುಜಾತಾ ಬಸ್ ನಿಲ್ದಾಣದಲ್ಲಿ ಅಕ್ಕನ ದಾರಿ ಕಾಯುತ್ತ ಬಸ್ಸಿಗಾಗಿಯೇ ಕಣ್ಣಿಟ್ಟಿದ್ದಳು. ಮೋಟರ್ ಸೈಕಲ್ಲೊಂದು ಮುಂದಿನಿಂದ ಹಾದು ಹೋದುದನ್ನು ನೋಡಲೇ ಇಲ್ಲ. ಬಸ್ಸು ಬಂದು, ಇಳಿಯುವವರೆಲ್ಲ ಇಳಿದ ಮೇಲೆ, "ನಮ್ಮಕ್ಕ ಬಂದಿಲ್ಲೇನ್ರಿ?" ಎಂದು ಕಂಡಕ್ಟರರನ್ನು ಕೇಳಿದಳು. ಹಿಂದಿನಿಂದ ದನಿ ಬಂತು: "ಬಂದೀನಿ ನೋಡು. ನಿನ್ನ ಹೊಸ್ತಿಲಾ ಎಲ್ಲದ, ಜೋಡಿಲೆ ದಾಟೂದು?"

ಸುಜಾತಾ ಅಕ್ಕನ ಕಾಲನ್ನು ಹಿಡಿದು ಹಿಮ್ಮಡಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ನಡೆದದ್ದು ನಗೆಯೋ ಅಳುವೋ ಸೂರ್ಯಕಾಂತರಿಗೆ ತಿಳಿಯಲಿಲ್ಲ; ಅವರು ತಮ್ಮ ಪಾಡಿಗೆ ಸೈಲೆನ್ಸರಿನ ಧೂಳು ಒರೆಸುತ್ತ ನಿಂತರು.

ಜೋಡಿಯಾಗಿ ಹೊಸ್ತಿಲು ದಾಟಿದ್ದಾಯಿತು, ಬುದ್ಧ ವಂದನೆ ಆಯಿತು, ಪಾಯಸದ ಊಟ ಆಯಿತು. ಸಂಜೆ ಹೊರಡುವಾಗ ಸುಜಾತಾ ವಾಡಿಕೆಯಂತೆ ಕೆಂಪು ಬಾಳೆಯ ಗೊನೆಯನ್ನು ಹಗ್ಗದ ಸಮೇತ ತಂದು ಗಾಡಿಯ ಹತ್ತಿರ ಇಟ್ಟಳು. ಹಿಂದಿನ ಸೀಟಿನ ಮೇಲೆ ಪುತಳಾಬಾಯಿ ಆಗಲೇ ಕೂತಾಗಿತ್ತು. ಗೊನೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ, ಕಟ್ಟಲು ಜಾಗವೂ ಉಳಿದಿರಲಿಲ್ಲ. ಸೂರ್ಯಕಾಂತರು ಹೆಂಡತಿಯ ಮುಖ ನೋಡಿದರು.

"ನನ್ನ ಮುಖ ಯಾಕ ನೋಡ್ತೀರಿ? ನಾ ಇಳಿಯಂಗಿಲ್ಲ" ಎಂದರು ಪುತಳಾಬಾಯಿ. "ಅಕಿಗಿ ಬಸ್ಸಿನ್ಯಾಗ ಕಳಸ್ರಿ."

ಕಂಡಕ್ಟರರು ಗೊನೆಯನ್ನು ತಮ್ಮ ಸೀಟಿನ ಮಗ್ಗುಲಿಗೆ, ಕಿಟಕಿಯ ಹತ್ತಿರ ಕೂರಿಸಿಕೊಂಡರು. ಬಸ್ಸು ಮುಂದೆ ಹೊರಟಿತು. ಸೂರ್ಯಕಾಂತರು ಕಿಕ್ ಹೊಡೆದರು. ಎಡಗೈಯೊಂದು ಭುಜದ ಮೇಲೆ ಬಂದು ಕೂತಿತು. ಗೊನೆಯನ್ನು ಇಳಿಸಿಕೊಳ್ಳಬೇಕಲ್ಲ ಎಂದು, ಕಲಬುರಗಿ ಬರುವ ತನಕ ಇಬ್ಬರೂ ಆ ಬಸ್ಸಿನ ಬೆನ್ನು ಹಿಡಿದೇ ಹೋದರು.